ಮೂರು ಕೈವರಸೆಗಳು, ಎರಡು ಟೈಲ್ಸ್ ಜಾಗ
(ಸಂಘದ ಮಹಿಳಾ ವೇದಿಕೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಕಳೆದ ವರ್ಷ ಇದೇ ಸಭಾಗೃಹದಲ್ಲಿ ಒಂದು ದಿನದ ಆತ್ಮರಕ್ಷಣಾ ಶಿಬಿರ ನಡೆದಿತ್ತು. ಎರಡೂವರೆ ಗಂಟೆ, ನಂತರ ಉಪ್ಪಿಟ್ಟು-ಶೀರಾ, ಗ್ರೂಪ್ ಫೋಟೋ. ಬಂದವರೆಲ್ಲ ಖುಷಿಯಿಂದ ಹೋದರು. ಅಲ್ಲಿ ಕಲಿತದ್ದರಲ್ಲಿ ಇವತ್ತು ಎಷ್ಟು ನೆನಪಿದೆ ಎಂದು ಮೊನ್ನೆ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಬಂದ ಉತ್ತರಗಳಲ್ಲಿ ಹೆಚ್ಚಿನವು ಉಪ್ಪಿಟ್ಟಿನ ಬಗ್ಗೆ ಇದ್ದವು. ಶಿಬಿರ ನಡೆಸಿದವರ ತಪ್ಪಲ್ಲ ಅದು. ಕೈಗೆ ಹತ್ತಬೇಕಾದ ವಿದ್ಯೆ ಎರಡೂವರೆ ಗಂಟೆಯಲ್ಲಿ ತಲೆಗೆ ಮಾತ್ರ ಹತ್ತುತ್ತದೆ, ಮರುದಿನ ಇಳಿದೂ ಹೋಗುತ್ತದೆ. ಹಾಗಾಗಿ ನಾನು ನಾಲ್ಕು ವರ್ಷದಿಂದ ಕಲಿಯುತ್ತಿರುವ ವಿಂಗ್ ಚುನ್ ಎಂಬ ಚೀನೀ ಕೈವಿದ್ಯೆಯ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಯವರು ಹೇಳಿದಾಗ ಒಪ್ಪಿಕೊಂಡೆ. ಕೊನೆಗೆ ಒಂದು ಬೇಡಿಕೆಯೂ ಇದೆ, ಈಗಲೇ ಹೇಳಿಬಿಡುತ್ತೇನೆ, ಎದ್ದು ಹೋಗಬೇಡಿ.

ನಾನು ಶಿಕ್ಷಕಿ ಅಲ್ಲ, ವಿದ್ಯಾರ್ಥಿನಿ. ಓದಿದ್ದು ಕಂಪ್ಯೂಟರಿನಲ್ಲಿ ಎಂ.ಟೆಕ್., ಕೆಲಸ ಐರೋಳಿಯಲ್ಲಿ, ಮನೆ ಮುಲುಂಡಿನಲ್ಲಿ. 2020ರ ಲಾಕ್‌ಡೌನಿನಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ದಿನಕ್ಕೆ ಹನ್ನೊಂದು ಗಂಟೆ ಕೂತು ಕುತ್ತಿಗೆ, ಹೆಗಲು, ಮಣಿಕಟ್ಟು ಮೂರೂ ಹಿಡಿದುಕೊಂಡವು. ಜಿಮ್ಮಿಗೆ ಹೋಗಲು ಮನಸ್ಸಿಲ್ಲ, ಯೋಗ ಆನ್‌ಲೈನಿನಲ್ಲಿ ನಡೆಯಲಿಲ್ಲ. ಸಹೋದ್ಯೋಗಿಯೊಬ್ಬಳು ಕರೆದುಕೊಂಡು ಹೋದ ಕ್ಲಾಸು ಇದು. ಬೆಲ್ಟು ಇಲ್ಲ, ಹಾರಾಟ ಇಲ್ಲ, ಕೂಗಾಟ ಇಲ್ಲ. ಮೊದಲ ದಿನ ಹೋದಾಗ ಎಂಟು ಜನ ಗೋಡೆಗೆ ಮುಖ ಮಾಡಿ ನಿಂತು ಒಂದು ಕೈಯನ್ನು ಎಷ್ಟು ನಿಧಾನವಾಗಿ ಮುಂದೆ ತರುತ್ತಿದ್ದರೆಂದರೆ, ಕರೆಂಟು ಹೋಗುವ ಹೊತ್ತಿನ ಫ್ಯಾನಿನ ಹಾಗೆ ಕಾಣುತ್ತಿತ್ತು.

ಹೀಗೆ ಗೊತ್ತುಮಾಡಿದ ಕ್ರಮದಲ್ಲಿ ಚಲನೆಗಳನ್ನು ಪೋಣಿಸಿದ್ದಕ್ಕೆ ಇಂಗ್ಲಿಷಿನಲ್ಲಿ ಫಾರ್ಮ್ ಎನ್ನುತ್ತಾರೆ. ಕರಾಟೆಗೆ ಹೋಗುವ ಮಕ್ಕಳು ಕಾತಾ ಎನ್ನುವುದೂ ಇದನ್ನೇ. ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಮಾತು ಮೊದಲೇ ಇದೆ: ವರಸೆ. ಕತ್ತಿವರಸೆ, ದೊಣ್ಣೆವರಸೆ ಎಂದು ಗರಡಿಯವರು ಹೇಳುವುದು ಅದೇ. ಸಂಗೀತದ ಪಾಠ ಶುರುವಾಗುವುದೂ ಸರಳಿವರಸೆಯಿಂದಲೇ. ನಮ್ಮಲ್ಲಿ ಎಷ್ಟು ಮಂದಿ ಚಿಕ್ಕವರಿದ್ದಾಗ ಮಾಯಾಮಾಳವಗೌಳದಲ್ಲಿ ಸ ರಿ ಗ ಮ ಹೇಳಿ ಬೇಸತ್ತಿಲ್ಲ? ಕೃತಿ ಯಾವಾಗ ಹೇಳಿಕೊಡುತ್ತೀರಿ ಎಂದು ಟೀಚರನ್ನು ಪೀಡಿಸಿಲ್ಲ? ಸರಳಿವರಸೆ ಕಛೇರಿ ಅಲ್ಲ, ಅದನ್ನು ಬಿಟ್ಟು ಕಛೇರಿಯೂ ಇಲ್ಲ. ಕೈವರಸೆಯೂ ಹಾಗೆಯೇ. ಅದು ಹೊಡೆದಾಟವಲ್ಲ.

ವಿಂಗ್ ಚುನ್‌ನಲ್ಲಿ ಬರಿಗೈಯ ವರಸೆಗಳು ಮೂರೇ. ಮೊದಲನೆಯದು ಸಿಯು ನಿಮ್ ತಾವ್, ಅಂದರೆ ಸಣ್ಣ ಯೋಚನೆ. ಎರಡನೆಯದು ಚುಮ್ ಕಿಯು, ಸೇತುವೆ ಹುಡುಕುವುದು. ಮೂರನೆಯದು ಬಿಯು ಜಿ, ಚುಚ್ಚುವ ಬೆರಳು. ಆಮೇಲೆ ಮರದ ಬೊಂಬೆ, ಉದ್ದ ಕೋಲು, ಜೋಡಿ ಕತ್ತಿ. ದಕ್ಷಿಣ ಚೀನಾದ ಬೇರೆ ಕೆಲವು ಶೈಲಿಗಳಲ್ಲಿ ವರಸೆಗಳು ಡಜನ್‌ಗಟ್ಟಲೆ ಇವೆ. ಮೂರೇ ಎಂದು ಕೇಳಿ ಸುಲಭ ಎಂದುಕೊಂಡು ಸೇರಿದವರು ನಮ್ಮ ಕ್ಲಾಸಿನಲ್ಲಿ ಬೇಕಾದಷ್ಟು ಮಂದಿ. ಮೂರನೇ ತಿಂಗಳಿಗೂ ಮೊದಲನೆಯದೇ ನಡೆಯುತ್ತಿರುತ್ತದೆ, ಆಗ ಒಬ್ಬೊಬ್ಬರೇ ಕಾಣೆಯಾಗುತ್ತಾರೆ.

ಮಹಿಳಾ ವೇದಿಕೆಯಲ್ಲಿ ಇದನ್ನು ಹೇಳಲು ಒಂದು ಕಾರಣ ಇದರ ಹುಟ್ಟಿನ ಕಥೆ. ಕಥೆಯ ಪ್ರಕಾರ ಇದನ್ನು ಕಟ್ಟಿದ್ದು ಹೆಂಗಸು. ಶಾವೋಲಿನ್ ಮಠ ಸುಟ್ಟುಹೋದಾಗ ತಪ್ಪಿಸಿಕೊಂಡ ಐವರು ಹಿರಿಯರಲ್ಲಿ ಎಂಗ್ ಮುಯ್ ಎಂಬ ಸನ್ಯಾಸಿನಿ ಒಬ್ಬಳು. ಕೊಕ್ಕರೆಯೂ ಹಾವೂ ಜಗಳವಾಡುವುದನ್ನು ನೋಡಿ ಆಕೆಗೆ ಹೊಸ ವಿಧಾನ ಹೊಳೆಯಿತು. ಬಲವಂತದ ಮದುವೆಗೆ ಪೀಡಿಸುತ್ತಿದ್ದ ಒಬ್ಬ ರೌಡಿಯ ಕಾಟದಲ್ಲಿದ್ದ ಯಿಮ್ ವಿಂಗ್ ಚುನ್ ಎಂಬ ಹುಡುಗಿಗೆ ಆಕೆ ಅದನ್ನು ಕಲಿಸಿದಳು. ಹುಡುಗಿ ರೌಡಿಗೆ ಸವಾಲು ಹಾಕಿ ಗೆದ್ದಳು, ತನಗೆ ಬೇಕಾದವನನ್ನು ಮದುವೆಯಾದಳು. ಗಂಡ ಆ ವಿದ್ಯೆಗೆ ಅವಳ ಹೆಸರನ್ನೇ ಇಟ್ಟ. ಹೆಂಡತಿ ಹೆಸರಿನಲ್ಲಿ ಫ್ಲಾಟು ಕೊಳ್ಳುವವರನ್ನು ನೋಡಿದ್ದೇವೆ, ಹೆಂಡತಿ ಹೆಸರಿನಲ್ಲಿ ವಿದ್ಯೆ ಇಟ್ಟವನು ಇವನೊಬ್ಬನೇ ಇರಬೇಕು. 1994ರಲ್ಲಿ ಮಿಷೆಲ್ ಯೋ ಅಭಿನಯಿಸಿದ ‘ವಿಂಗ್ ಚುನ್’ ಸಿನಿಮಾ ಬಂದದ್ದು ಈ ಕಥೆಯ ಮೇಲೆಯೇ.

ಇದಕ್ಕೆ ದಾಖಲೆ ಇಲ್ಲ. ಇತಿಹಾಸಕಾರರು ಇದನ್ನು ಐತಿಹ್ಯ ಎಂದೇ ಎಣಿಸುತ್ತಾರೆ. ಬೋಧಿಧರ್ಮ ಕಾಂಚಿಯಿಂದ ಹೋಗಿ ಚೀನೀಯರಿಗೆ ಕುಂಗ್‌ಫು ಕಲಿಸಿದ ಎಂದು ನಮ್ಮವರು ವಾಟ್ಸಾಪಿನಲ್ಲಿ ಹೆಮ್ಮೆಯಿಂದ ಕಳಿಸುವುದೂ ಅದೇ ಜಾತಿಯದು. ಇತಿಹಾಸ ಗಟ್ಟಿಯಾಗುವುದು ಹತ್ತೊಂಬತ್ತನೇ ಶತಮಾನದಲ್ಲಿ, ಫೋಷಾನ್ ಎಂಬ ಪಟ್ಟಣದ ಸುತ್ತ, ಮತ್ತು ಅಲ್ಲಿ ಕಾಣಿಸುವವರು ನಾಟಕದ ಮೇಳದವರು. ಕ್ಯಾಂಟನ್ ಸೀಮೆಯ ಸಂಗೀತ ನಾಟಕದ ಮೇಳಗಳು ಕೆಂಪು ಬಣ್ಣದ ದೋಣಿಗಳಲ್ಲಿ ಊರೂರು ತಿರುಗುತ್ತಿದ್ದವು. ಆ ಕಾಲಕ್ಕೆ ಎಲ್ಲ ಗಂಡಸರೇ, ಸ್ತ್ರೀವೇಷವೂ ಗಂಡಸರದೇ. ಪೆಟ್ಟಿಗೆ, ಕಿರೀಟ, ಚೆಂಡೆ ಹೊತ್ತು ಮಳೆಗಾಲದಲ್ಲಿ ಮುಂಬಯಿಗೆ ಬಂದು ಆಟ ಆಡಿ ಹೋಗುವ ಯಕ್ಷಗಾನದವರನ್ನು ನೋಡಿದ ನಮಗೆ ಇದನ್ನು ಊಹಿಸುವುದು ಕಷ್ಟವಲ್ಲ. 1854ರಲ್ಲಿ ಲಿ ವೆನ್‌ಮಾವ್ ಎಂಬ ನಟ ಚಕ್ರವರ್ತಿಯ ಆಡಳಿತದ ವಿರುದ್ಧ ದಂಗೆಯೆದ್ದ, ಆಮೇಲೆ ಸರ್ಕಾರ ಆ ನಾಟಕಗಳನ್ನೇ ನಿಷೇಧಿಸಿತು. ಆ ದೋಣಿಗಳ ನಟರಿಂದ ವಿದ್ಯೆ ಫೋಷಾನಿನ ಲೆಯುಂಗ್ ಜಾನ್ ಎಂಬ ವೈದ್ಯರಿಗೆ ಬಂತು, ಅವರ ಶಿಷ್ಯ ಚಾನ್ ವಾ ಶುನ್, ಆತನ ಶಿಷ್ಯ ಇಪ್ ಮ್ಯಾನ್.

ಇಪ್ ಮ್ಯಾನ್ ಹುಟ್ಟಿದ್ದು 1893ರಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಾಗ ಎಲ್ಲ ಬಿಟ್ಟು ಹಾಂಗ್‌ಕಾಂಗಿಗೆ ಬಂದರು, ಐವತ್ತಾರು-ಐವತ್ತೇಳರ ವಯಸ್ಸಿನಲ್ಲಿ, ಕೈಯಲ್ಲಿ ಕಾಸಿಲ್ಲದೆ. 1950ರಲ್ಲಿ ಅವರು ಮೊದಲು ಕಲಿಸತೊಡಗಿದ್ದು ಎಲ್ಲಿ ಗೊತ್ತೇ? ಹೋಟೆಲು ಕಾರ್ಮಿಕರ ಸಂಘದಲ್ಲಿ. ಹಗಲೆಲ್ಲ ತಟ್ಟೆ ತೊಳೆದು, ಮೇಜು ಒರೆಸಿ ಬಂದ ಹುಡುಗರು ರಾತ್ರಿ ಇವರ ಮುಂದೆ ನಿಂತು ಸಿಯು ನಿಮ್ ತಾವ್ ಕಲಿತರು. ಇದನ್ನು ಓದಿದಾಗ ನನಗೆ ಮುಂಬಯಿಯ ನಮ್ಮ ಕನ್ನಡ ರಾತ್ರಿ ಶಾಲೆಗಳು ನೆನಪಾದವು. ಕೋಟೆ ಪ್ರದೇಶದ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಪುಸ್ತಕ ಹಿಡಿದ ಹುಡುಗರಲ್ಲಿ ಇಲ್ಲಿ ಕೂತ ಅನೇಕರ ತಂದೆ, ಮಾವ, ಚಿಕ್ಕಪ್ಪಂದಿರು ಇದ್ದಾರೆ. ವಿದ್ಯೆ ಉಳಿಯಲು ದೊಡ್ಡ ಕಟ್ಟಡ ಬೇಕಾಗುವುದಿಲ್ಲ. ಇಪ್ ಮ್ಯಾನ್ ಬಳಿ ಕಲಿತವರಲ್ಲಿ ಬ್ರೂಸ್ ಲೀ ಒಬ್ಬ. ಪೂರ್ತಿ ಕಲಿಯುವ ಮೊದಲೇ 1959ರಲ್ಲಿ ಅಮೆರಿಕಕ್ಕೆ ಹೋದ, ಆಮೇಲೆ ಜೀತ್ ಕುನೆ ದೋ ಎಂಬ ತನ್ನದೇ ದಾರಿ ಮಾಡಿಕೊಂಡ. ಅದು ಮುಂಬಯಿಗೂ ಬಂದಿದೆ. ಅದನ್ನು ಇಲ್ಲಿ ಕಲಿಸುವ ಚೀತಾ ಯಜ್ಞೇಶ್ ಶೆಟ್ಟಿಯವರ ಹೆಸರು ನಿಮಗೆ ಗೊತ್ತಿರಬಹುದು. ಸೈನಿಕರಿಗೆ ಕಮಾಂಡೋ ತರಬೇತಿ ಕೊಟ್ಟು 2019ರಲ್ಲಿ ನಾರಿ ಶಕ್ತಿ ಪುರಸ್ಕಾರ ಪಡೆದ ಡಾ. ಸೀಮಾ ರಾವ್ ಕೂಡ ಅದನ್ನು ಅಭ್ಯಾಸ ಮಾಡಿದವರು, ಮುಂಬಯಿಯವರೇ. 1972ರಲ್ಲಿ ಸಾಯುವುದಕ್ಕೆ ಸ್ವಲ್ಪ ಮೊದಲು ಇಪ್ ಮ್ಯಾನ್ ಮೊದಲೆರಡು ವರಸೆಗಳನ್ನು ಮಾಡಿ ತೋರಿಸಿ ಚಿತ್ರೀಕರಣ ಮಾಡಿಸಿಕೊಂಡರು. ಆ ಮಸುಕು ಚಿತ್ರ ಯೂಟ್ಯೂಬಿನಲ್ಲಿದೆ. ಕಾಯಿಲೆಯಿಂದ ಬಡಕಲಾದ ಮುದುಕರು, ಕೈ ಮಾತ್ರ ಎಲ್ಲಿಯೂ ತಪ್ಪುವುದಿಲ್ಲ. ನೋಡಿ.

ಇನ್ನೊಂದು ಮಾತು, ಮುಂಬಯಿಯದು. ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಮಜ್‌ಗಾಂವಿನಲ್ಲಿ, 1919ರ ಒಂದು ಚೀನೀ ದೇವಸ್ಥಾನವಿದೆ. ಸೀ ಯುಪ್ ಕೂನ್ ಎಂದು ಹೆಸರು. ಸೀ ಯುಪ್ ಅಂದರೆ ಕ್ಯಾಂಟನ್ ಕಡೆಯ ನಾಲ್ಕು ತಾಲೂಕು. ಅಲ್ಲಿಂದ ಬಂದವರು ಕಟ್ಟಿಕೊಂಡದ್ದು. ನಾವು ದಕ್ಷಿಣ ಕನ್ನಡ, ಉಡುಪಿ ಎಂದು ಸಂಘ ಕಟ್ಟಿಕೊಂಡ ಹಾಗೆಯೇ ಅಲ್ಲವೆ? ಒಳಗಿರುವುದು ಗುವಾನ್ ಗೊಂಗ್ ಎಂಬ ಯೋಧದೇವತೆ. ಹಾಂಗ್‌ಕಾಂಗಿನ ಕುಂಗ್‌ಫು ಶಾಲೆಗಳಲ್ಲಿ ಊದುಬತ್ತಿ ಹಚ್ಚುವುದೂ ಇವನಿಗೇ. 1962ರ ಯುದ್ಧದ ನಂತರ ಮುಂಬಯಿಯ ಚೀನೀಯರಲ್ಲಿ ಬಹಳ ಮಂದಿ ಊರು ಬಿಟ್ಟರು, ಉಳಿದ ಕುಟುಂಬಗಳು ಚೀನೀ ಹೊಸವರ್ಷಕ್ಕೆ ಅಲ್ಲಿ ಸೇರುತ್ತವೆ. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಈಗ ವರಸೆಗೆ ಬರುತ್ತೇನೆ. ಸಿಯು ನಿಮ್ ತಾವ್‌ನಲ್ಲಿ ಕಾಲು ಕದಲುವುದೇ ಇಲ್ಲ. ಪಾದಗಳನ್ನು ಸ್ವಲ್ಪ ಒಳಗೆ ತಿರುಗಿಸಿ, ಮಂಡಿ ಬಾಗಿಸಿ, ತೊಡೆಗಳ ನಡುವೆ ಆಡೊಂದನ್ನು ಹಿಡಿದುಕೊಂಡ ಹಾಗೆ ನಿಲ್ಲಬೇಕು. ಆ ನಿಲುವಿನ ಹೆಸರಿನಲ್ಲೇ ಆಡು ಇದೆ. ಲೋಕಲ್ ಟ್ರೇನಿನಲ್ಲಿ ಹಿಡಿಕೆ ಸಿಗದೆ ನಿಂತು ಅಭ್ಯಾಸವಿದ್ದವರಿಗೆ ಇದು ಅರ್ಧ ಬಂದ ಹಾಗೆ. ಆಮೇಲೆ ಒಂದು ಕೈ, ಅಂಗೈ ಮೇಲಾಗಿ, ಎದೆಯ ನಡುಗೆರೆಯ ಮೇಲೆ ನಿಧಾನವಾಗಿ ಮುಂದೆ ಹೋಗುತ್ತದೆ. ಇದು ತಾನ್ ಸಾವ್. ಸಾವ್ ಅಂದರೆ ಕೈ, ಗಾಬರಿ ಬೇಡ. ಮಣಿಕಟ್ಟು ಸುತ್ತಿ, ಅಂಗೈ ನೆಟ್ಟಗೆ ನಿಲ್ಲಿಸಿ ಹಿಂದಕ್ಕೆ ತಂದರೆ ವು ಸಾವ್, ಕಾವಲಿನ ಕೈ. ಮಣಿಕಟ್ಟು ಬಗ್ಗಿಸಿ ಮತ್ತೆ ಮುಂದೆ ಹೋದರೆ ಫೂಕ್ ಸಾವ್. ಹೀಗೆ ಮೂರು ಸಲ. ಈ ಭಾಗಕ್ಕೆ ಬುದ್ಧನಿಗೆ ಮೂರು ನಮಸ್ಕಾರ ಎಂಬ ಹೆಸರೂ ಇದೆ. ಅಷ್ಟೂ ಹೊತ್ತು ಮೊಣಕೈ ಒಳಗೇ ಇರಬೇಕು, ಹೆಗಲು ಇಳಿದಿರಬೇಕು. ಇಷ್ಟೇ. ಮಾಡಿ ನೋಡಿದರೆ ಎರಡನೇ ಸಲಕ್ಕೆ ಹೆಗಲು ತಾನಾಗಿ ಕಿವಿಯ ಕಡೆ ಏರುತ್ತದೆ. ಇಡೀ ವರಸೆಯನ್ನು ಕೆಲವರು 108 ಚಲನೆ ಎಂದು ಎಣಿಸುತ್ತಾರೆ. ಚುರುಕಾಗಿ ಮಾಡಿದರೆ ಮೂರು ನಿಮಿಷ, ಮೊದಲ ಭಾಗ ಎಳೆದರೆ ಇಪ್ಪತ್ತು.

ನಿಧಾನ ಯಾಕೆ ಎಂದು ನಾನೂ ಕೇಳಿದ್ದೆ. ಎಂಜಿನಿಯರು ಅಲ್ಲವೆ, ಕಾರಣ ಬೇಕು. ನಮ್ಮ ಸರ್ ಉತ್ತರ ಹೇಳದೆ, ನನ್ನ ಮೊಣಕೈ ಹೊರಗಿದ್ದಾಗ ಒಂದು ಬೆರಳಿನಿಂದ ಮುಂಗೈ ತಳ್ಳಿದರು, ಕೈ ಮಡಚಿ ಎದೆಗೆ ಬಂತು. ಮೊಣಕೈಯನ್ನು ನಾಲ್ಕು ಬೆರಳು ಒಳಗೆ ತಂದು ನಿಲ್ಲಿಸಿ ಮತ್ತೆ ತಳ್ಳಿದರು, ಅಂಗೈಯಿಂದ ತಳ್ಳಿದರು, ಕೈ ನಿಂತಿತು. ತೋಳಿನ ಶಕ್ತಿ ಎರಡು ಸಲವೂ ಅಷ್ಟೇ. ಎರಡನೇ ಸಲ ಒತ್ತಡ ಹೆಗಲಿನ ಸ್ನಾಯುವಿನಲ್ಲಿ ನಿಲ್ಲದೆ ಮೂಳೆಗಳ ಸಾಲಿನಲ್ಲಿ ಇಳಿದು ಬೆನ್ನು, ಸೊಂಟ, ಹಿಮ್ಮಡಿಗೆ ಹೋಯಿತು. ಮನೆಯ ತೊಲೆ ಹೊರುವುದು ಹೀಗೆಯೇ. ಬೊಂಗ್ ಸಾವ್ ಎಂಬ ರೆಕ್ಕೆಯ ಕೈ ಇದಕ್ಕೆ ವಿರುದ್ಧ: ಬಂದ ಬಲವನ್ನು ಹೊರುವುದಿಲ್ಲ, ಮೊಣಕೈ ಎತ್ತಿ ಮುಂಗೈ ಹೊರಳಿಸಿ, ಮಾಡಿನ ಮೇಲೆ ಬಿದ್ದ ಮಳೆಯ ಹಾಗೆ ಬದಿಗೆ ಜಾರಿಸುತ್ತದೆ. ತನಗಿಂತ ಮೂವತ್ತು ಕಿಲೋ ಹೆಚ್ಚು ತೂಗುವವನ ಜೊತೆ ತೋಳ್ಬಲದ ಲೆಕ್ಕದಲ್ಲಿ ಹೆಂಗಸು ಗೆಲ್ಲುವುದು ಕಷ್ಟ, ಆದ್ದರಿಂದ ಲೆಕ್ಕವನ್ನೇ ಬದಲಿಸುವ ಯೋಚನೆ ಇದು. ಸನ್ಯಾಸಿನಿಯ ಕಥೆ ಸುಳ್ಳಿರಬಹುದು, ಆದರೆ ಆ ಕಥೆ ಈ ವಿದ್ಯೆಗೆ ಯಾಕೆ ಅಂಟಿಕೊಂಡಿತು ಎಂಬುದು ನನಗೆ ಆ ದಿನ ಅರ್ಥವಾಯಿತು. ಈ ಕೋನ ಸರಿಯಾಗಿದೆಯೋ ಇಲ್ಲವೋ ಎಂದು ವೇಗದಲ್ಲಿ ತಿಳಿಯುವುದಿಲ್ಲ, ಅದಕ್ಕೇ ನಿಧಾನ. ಐಟಿಯವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ, ಯೂನಿಟ್ ಟೆಸ್ಟಿಂಗ್.

ಚುಮ್ ಕಿಯುನಲ್ಲಿ ಕಾಲು ಬಿಡುಗಡೆಯಾಗುತ್ತದೆ: ತಿರುಗುವುದು, ಹೆಜ್ಜೆ, ಒದೆತ. ಬಿಯು ಜಿಯನ್ನು ಮೊದಲು ಎಲ್ಲರಿಗೂ ಕಲಿಸುತ್ತಿರಲಿಲ್ಲ. ಅದು ಮನೆಯ ಬಾಗಿಲು ದಾಟಬಾರದು ಎಂಬ ಮಾತೇ ಇತ್ತು. ಹೊಸಿಲು ದಾಟಬಾರದು ಎಂಬ ಮಾತನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಎಲ್ಲ ಕೆಟ್ಟು, ನಡುಗೆರೆ ಕೈತಪ್ಪಿ, ಇನ್ನೇನು ಬಿದ್ದೆ ಎಂಬ ಸ್ಥಿತಿಯಿಂದ ಎದ್ದು ಬರುವ ವರಸೆ ಅದು. ನಾನು ಅದರ ಮೊದಲ ಭಾಗದಲ್ಲಿದ್ದೇನೆ, ಹೆಚ್ಚು ಮಾತನಾಡುವ ಅಧಿಕಾರವಿಲ್ಲ.

ಮನೆಯಲ್ಲಿ ನನ್ನ ಅತ್ತೆ ಮೊದಲ ತಿಂಗಳೆಲ್ಲ ಸುಮ್ಮನೆ ನೋಡಿದರು. ಒಂದು ದಿನ ಕೇಳಿಯೇಬಿಟ್ಟರು: “ಎಂತ ಮಾರಾಯ್ತಿ, ದಿನಾ ಗೋಡೆ ಹತ್ರ ನಿಂತು ಯಾರಿಗೆ ಹೊಡೆಯುವುದು ನೀನು?” ಯಾರಿಗೂ ಇಲ್ಲ ಅತ್ತೆ, ಹೆಗಲು ನೋವಿಗೆ ಎಂದೆ. ಅವರಿಗೆ ಬಲಗೈ ಎತ್ತಲು ಕಷ್ಟ, ಮೇಲಿನ ಶೆಲ್ಫಿನ ಡಬ್ಬಿ ತೆಗೆಯಲು ಆಗುತ್ತಿರಲಿಲ್ಲ. ಫಿಸಿಯೋಥೆರಪಿ ನಡೆಯುತ್ತಿತ್ತು. ಡಾಕ್ಟರನ್ನು ಕೇಳಿಯೇ ನೋವಿಲ್ಲದಷ್ಟು ಮಟ್ಟಿಗೆ ನನ್ನ ಜೊತೆ ಮೊದಲ ಭಾಗ ಶುರು ಮಾಡಿದರು. ಎಪ್ಪತ್ತೊಂದು ವರ್ಷ. ಈಗ ಸಂಜೆ ಧಾರಾವಾಹಿ ಜಾಹೀರಾತಿಗೆ ನಿಂತಾಗ ಇವರು ಎದ್ದು ನಿಲ್ಲುತ್ತಾರೆ. ಕೈ ಸರಿಹೋದದ್ದು ಫಿಸಿಯೋಥೆರಪಿಯಿಂದಲೋ ಇದರಿಂದಲೋ ನಾನು ಹೇಳಲಾರೆ, ಶ್ರೇಯಸ್ಸನ್ನು ಮಾತ್ರ ಅತ್ತೆ ಬುದ್ಧನ ಮೂರು ನಮಸ್ಕಾರಕ್ಕೇ ಕೊಟ್ಟಿದ್ದಾರೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಬದಿಯನ್ನು ಹೇಳದಿದ್ದರೆ ಮೋಸವಾಗುತ್ತದೆ. 2017ರಲ್ಲಿ ಷು ಷಿಯಾವೊದೊಂಗ್ ಎಂಬ ಚೀನೀ ಎಂಎಂಎ ಹೋರಾಟಗಾರ ತಾಯ್ ಚಿ ಗುರುವೊಬ್ಬರನ್ನು ಅರ್ಧ ನಿಮಿಷವೂ ಆಗುವ ಮೊದಲು ಕೆಡವಿದ. ಮರುವರ್ಷ ವಿಂಗ್ ಚುನ್‌ನವರೊಬ್ಬರ ಗತಿಯೂ ಅವನ ಕೈಯಲ್ಲಿ ಚೆನ್ನಾಗಿರಲಿಲ್ಲ. ಚೀನಾದಲ್ಲಿ ದೊಡ್ಡ ಗಲಾಟೆಯೇ ಆಯಿತು. ಅವನು ತೋರಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ: ವರಸೆ ಮಾತ್ರ ಮಾಡಿದವರು, ಎದುರಾಳಿಯ ನಿಜವಾದ ಪೆಟ್ಟು ತಿನ್ನದವರು, ಜಗಳದಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಇಬ್ಬರು ಮುಂಗೈಗೆ ಮುಂಗೈ ತಾಗಿಸಿ ಒತ್ತಡ ಓದುವ ಚಿ ಸಾವ್ ಬೇಕು, ಆಮೇಲೆ ಗ್ಲೌಸ್ ಹಾಕಿ ಹೊಡೆಸಿಕೊಳ್ಳುವ ಅಭ್ಯಾಸವೂ ಬೇಕು. ನಮ್ಮ ಕ್ಲಾಸಿನಲ್ಲಿ ತಿಂಗಳಿಗೆ ಎರಡು ಸಲ ಅದು ಇದೆ. ಎಷ್ಟು ಕಲಿತರೂ ಸ್ಕೈವಾಕಿನಲ್ಲಿ ಯಾರಾದರೂ ಪರ್ಸು ಕೇಳಿದರೆ ಕೊಟ್ಟು ಓಡಬೇಕು. ಟ್ರೇನಿನಲ್ಲಾದರೆ 1512, ಹೊರಗಾದರೆ 112 ಅಥವಾ 103 ಒತ್ತಬೇಕು. ದಾರಿಯೇ ಇಲ್ಲದಾಗ ಕೈ ಎತ್ತುವ ಹಕ್ಕು ಕಾನೂನಿನಲ್ಲಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಅದರ ಬಗ್ಗೆಯೇ ಇವೆ. ಆದರೆ ರಕ್ಷಣೆಗೆ ಬೇಕಾದಷ್ಟೇ, ಅದಕ್ಕಿಂತ ಹೆಚ್ಚಲ್ಲ.

ಇನ್ನು ಹೇಳಲು ಕಷ್ಟವಾದ ಮಾತು. ನಮ್ಮ ಕ್ಲಾಸಿಗೆ ಒಬ್ಬಾಕೆ ಬರುತ್ತಿದ್ದಳು. ಕನ್ನಡದವಳೇ. ಬಹಳ ಶ್ರದ್ಧೆ, ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಒಂದು ದಿನ ರಿಕ್ಷಾಕ್ಕೆ ಕಾಯುತ್ತ ನಿಂತಾಗ, “ಇದು ಪೂರ್ತಿ ಬರಲು ಎಷ್ಟು ವರ್ಷ ಬೇಕು ಅಕ್ಕಾ?” ಎಂದು ಕೇಳಿದಳು. ಅವಸರ ಯಾಕೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ. “ಮನೆಯಲ್ಲಿ ಬೇಕು” ಎಂದಳು.

ಕತ್ತಲೆಯ ಗಲ್ಲಿಯ ಅಪರಿಚಿತನ ಬಗ್ಗೆ ನಾವು ಶಿಬಿರ ಮಾಡುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 18ರಿಂದ 49 ವರ್ಷದೊಳಗಿನ, ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ. 29. ಕರ್ನಾಟಕದಲ್ಲಿ ಶೇ. 44, ದೇಶದಲ್ಲೇ ಎಲ್ಲಕ್ಕಿಂತ ಹೆಚ್ಚು. ಈ ಸಭೆಯಲ್ಲಿ ಅಂಥವರು ಯಾರೂ ಇಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಒಂದೇ ಹಾಸಿಗೆ, ಒಂದೇ ಸಾಲ, ಅವೇ ಮಕ್ಕಳು ಇರುವಲ್ಲಿ ತಾನ್ ಸಾವ್ ಏನು ಮಾಡುತ್ತದೆ? ಏನೂ ಇಲ್ಲ. ಅವಳಿಗೆ ನಾನು ವರಸೆಯ ಬಗ್ಗೆ ಹೇಳಲಿಲ್ಲ. 181 ಸಹಾಯವಾಣಿಯ ಬಗ್ಗೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಬಗ್ಗೆ, ಆ ಕಾಯ್ದೆಯಲ್ಲಿ ಮನೆಯಿಂದ ಹೊರಹಾಕಿಸಿಕೊಳ್ಳದೆ ಅದೇ ಮನೆಯಲ್ಲಿ ಇರುವ ಹಕ್ಕು ಇದೆ ಎಂಬುದರ ಬಗ್ಗೆ ಹೇಳಿದೆ, ಒಬ್ಬ ವಕೀಲರ ನಂಬರು ಕೊಟ್ಟೆ. ಅವಳು ಈಗ ಬೇರೆ ಕಡೆ ಇದ್ದಾಳೆ, ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ, ಅದು ಅವಳದೇ, ಹೇಳಲು ಒಪ್ಪಿಗೆ ಕೊಟ್ಟಿದ್ದಾಳೆ. ವಾರಕ್ಕೆ ಎರಡು ಗಂಟೆ ಆ ಕ್ಲಾಸಿಗೆ ಬರಲು ಮನೆಯಲ್ಲಿ ಹಠ ಹಿಡಿದದ್ದೇ ತನ್ನ ಮೊದಲ ಹೊಡೆತ ಎಂದಳು.

ಒನಕೆ ಓಬವ್ವನ ಹೆಸರು ಬರದೆ ಮಹಿಳಾ ವೇದಿಕೆಯ ಭಾಷಣ ಮುಗಿಯುವುದಿಲ್ಲ ಎಂಬ ನಿಯಮವಿದೆ, ನಾನೂ ಪಾಲಿಸುತ್ತೇನೆ. ಚಿತ್ರದುರ್ಗದ ಕಿಂಡಿಯ ಬಳಿ ಅವಳ ಕೈಗೆ ಸಿಕ್ಕಿದ್ದು ಒನಕೆ ಎಂದು ನಾವು ಹಾಡಿ ಹೊಗಳುತ್ತೇವೆ. ಅದೇ ಒನಕೆಯಿಂದ ಅವಳು ಎಷ್ಟು ವರ್ಷ ಭತ್ತ ಕುಟ್ಟಿದ್ದಳು ಎಂದು ಯಾರೂ ಲೆಕ್ಕ ಹಾಕಿಲ್ಲ. ಎತ್ತುವುದು, ಇಳಿಸುವುದು, ಬೆನ್ನು ನೆಟ್ಟಗೆ, ತೂಕ ಕೆಳಗೆ. ಅದೂ ಒಂದು ವರಸೆಯೇ.

ಈಗ ಬೇಡಿಕೆ. ಭಾನುವಾರ ಬೆಳಿಗ್ಗೆ 7ರಿಂದ 8ರವರೆಗೆ ಈ ಸಭಾಗೃಹ ಖಾಲಿ ಇರುತ್ತದೆ, ವಿಚಾರಿಸಿದ್ದೇನೆ. ಒಂದು ದಿನದ ಶಿಬಿರದ ಬದಲು ಅದನ್ನು ನಮಗೆ ವರ್ಷಪೂರ್ತಿ ಕೊಡಿ. ಕಲಿಸಲು ನಮ್ಮ ಸರ್ ತಿಂಗಳಿಗೆ ಎರಡು ಸಲ ಬರಲು ಒಪ್ಪಿದ್ದಾರೆ, ಉಳಿದ ವಾರ ನಾವೇ ಅಭ್ಯಾಸ ಮಾಡಬಹುದು. ಬೂಟು, ಚಾಪೆ, ಉಪಕರಣ ಏನೂ ಬೇಡ. ಚೂಡಿದಾರ್ ಸಾಕು, ಸೀರೆಯಲ್ಲೂ ಆಗುತ್ತದೆ. ಮನೆಯಲ್ಲಿ ಮಾಡಲು ಬೇಕಾದ ಜಾಗ ಎರಡು ಟೈಲ್ಸ್. ದೋಣಿಯ ಮೇಲೆ, ಇಕ್ಕಟ್ಟಿನ ಓಣಿಯಲ್ಲಿ ಬೆಳೆದ ವಿದ್ಯೆ ಎನ್ನುತ್ತಾರೆ. ಡೊಂಬಿವಲಿಯ ಒನ್ ಬಿಎಚ್‌ಕೆಗೆ ಅಳತೆ ಮಾಡಿ ಹೊಲಿದ ಹಾಗಿದೆ. ಗಂಡಸರಿಗೆ ಒಂದು ವಿನಂತಿ: ಆ ಒಂದು ಗಂಟೆ ಚಹಾ ನೀವೇ ಮಾಡಿಕೊಳ್ಳಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಎರಡು ನಿಮಿಷ ಕೊಡಿ ಸರ್. ಎಲ್ಲರೂ ದಯವಿಟ್ಟು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಲ್ಲಿ. ಪಾದಗಳು ಹೆಗಲಿನಷ್ಟು ಅಗಲ, ಬೆರಳು ಸ್ವಲ್ಪ ಒಳಗೆ. ಮಂಡಿ ನೋವಿದ್ದವರು ಬಾಗಿಸಬೇಡಿ, ಕೂತೇ ಮಾಡಿ. ಎರಡೂ ಮುಷ್ಟಿ ಎದೆಯ ಪಕ್ಕ. ಎಡಗೈ ಬಿಡಿಸಿ, ಅಂಗೈ ಮೇಲೆ, ಎದೆಯ ನಡುವೆ ತನ್ನಿ. ಈಗ ಮುಂದಕ್ಕೆ, ನಿಧಾನ, ಇನ್ನೂ ನಿಧಾನ. ಮೊಣಕೈ ಒಳಗೆ. ಹೆಗಲು ಕೆಳಗೆ. ಎರಡನೇ ಸಾಲಿನ ಮಾಮಿ, ಉಸಿರು ಬಿಡಿ.